ಒಂದು ಮಾತ್ರೆ, ಹತ್ತು ಸಾವಿರ ಮಕ್ಕಳು, ಒಬ್ಬ ಹಠಮಾರಿ ಅಪ್ಪ

ಒಂದು ಮಗುವಿಗೆ ಹುಟ್ಟುವಾಗಲೇ ಎರಡೂ ಕೈ ಇಲ್ಲ. ಅದಕ್ಕೆ ಬೆಲೆ ಎಷ್ಟು?

ಕೇಳೋಕೇ ಮನಸ್ಸು ಬರಲ್ಲ ಅಲ್ವಾ? ಆದರೆ ಈ ಪ್ರಶ್ನೆಯನ್ನು ಲಂಡನ್ನಿನ ಕೋರ್ಟಿನಲ್ಲಿ ನಿಂತು ಕೇಳಿದ್ದಾರೆ. ವಕೀಲರು ವಾದ ಮಾಡಿದ್ದಾರೆ, ನ್ಯಾಯಾಧೀಶರು ಲೆಕ್ಕ ಹಾಕಿದ್ದಾರೆ, ಕಂಪನಿಯವರು ಚೌಕಾಸಿ ಮಾಡಿದ್ದಾರೆ. ಹೌದು, ಚೌಕಾಸಿ. ಸಂತೆಯಲ್ಲಿ ಸೊಪ್ಪಿನ ಕಟ್ಟಿಗೆ ಮಾಡ್ತೀವಲ್ಲ, ಹಾಗೆ. ನೂರಕ್ಕೆ ನಲವತ್ತು ಕೊಡ್ತೀವಿ, ತಗೊಂಡು ಸುಮ್ಮನಿರಿ ಅಂದಿದ್ದಾರೆ.

ನಮ್ಮಲ್ಲಿ ಔಷಧಿಯಿಂದ ಸಾವು ಅಂತ ಸುದ್ದಿ ಬಂದಾಗಲೆಲ್ಲ ಮೊದಲು ಬರೋದು ಸರ್ಕಾರದ ಪರಿಹಾರದ ಘೋಷಣೆ. ಎರಡು ಲಕ್ಷ, ಐದು ಲಕ್ಷ. ಮಂತ್ರಿಗಳು ಮನೆಗೆ ಬಂದು ಚೆಕ್ ಕೊಡ್ತಾರೆ, ಕ್ಯಾಮೆರಾಗಳು ಅದನ್ನು ತೋರಿಸುತ್ತವೆ. ಆ ಚೆಕ್‌ನಲ್ಲಿರೋದು ನಿಮ್ಮದೇ ತೆರಿಗೆ ದುಡ್ಡು. ಔಷಧಿ ಮಾಡಿ ಮಾರಿ ಲಾಭ ತಿಂದ ಕಂಪನಿ ಎಷ್ಟು ಕೊಟ್ಟಿತು ಸ್ವಾಮಿ? ಈ ಪ್ರಶ್ನೆ ಕೇಳುವವರು ಕಮ್ಮಿ. ಕೇಳಿ, ಹಠ ಹಿಡಿದು, ಉತ್ತರ ಪಡೆದವರು ಇನ್ನೂ ಕಮ್ಮಿ. ಅಂಥವರ ಕಥೆ ಇದು.

ಜರ್ಮನಿಯ ಸ್ಟೋಲ್‌ಬರ್ಗ್ ಅನ್ನೋ ಪುಟ್ಟ ಊರಿನಿಂದ ಕಥೆ ಶುರುವಾಗುತ್ತೆ. ಎರಡನೇ ಮಹಾಯುದ್ಧ ಮುಗಿದು ಹತ್ತು ವರ್ಷ ಕಳೆದಿದೆ. ಜನ ಬಾಂಬಿನ ಸದ್ದು ಕೇಳಿ ಕೇಳಿ ನಿದ್ದೆ ಕಳೆದುಕೊಂಡಿದ್ದಾರೆ. ನಿದ್ದೆ ಮಾತ್ರೆಗೆ ಭಾರೀ ಬೇಡಿಕೆ. ಆದರೆ ಆಗಿನ ನಿದ್ದೆ ಮಾತ್ರೆಗಳನ್ನು ಜಾಸ್ತಿ ನುಂಗಿದರೆ ಪ್ರಾಣವೇ ಹೋಗುತ್ತಿತ್ತು. ಆ ಊರಿನ ಗ್ರುನೆಂಥಾಲ್ ಕಂಪನಿಯವರು ಥಾಲಿಡೋಮೈಡ್ ಅನ್ನೋ ಹೊಸ ವಸ್ತು ಕಂಡುಹಿಡಿದರು. ಇಲಿಗೆ ಎಷ್ಟು ತಿನ್ನಿಸಿದರೂ ಅದು ಸಾಯಲಿಲ್ಲ. ಇಲಿ ಸಾಯಲಿಲ್ಲ ಅಂದಮೇಲೆ ಮನುಷ್ಯನಿಗೆ ಇನ್ನೇನಾಗುತ್ತೆ? ಇದು ಕಂಪನಿಯ ತರ್ಕ.

1957ರ ಅಕ್ಟೋಬರ್ 1. ಕಾಂಟರ್‌ಗಾನ್ ಅನ್ನೋ ಹೆಸರಿನಲ್ಲಿ ಮಾತ್ರೆ ಮಾರುಕಟ್ಟೆಗೆ ಬಂತು. ವೈದ್ಯರ ಚೀಟಿಯೂ ಬೇಡ, ಅಂಗಡಿಗೆ ಹೋಗಿ ಕೇಳಿದರೆ ಸಾಕು. ಪೂರ್ತಿ ಸುರಕ್ಷಿತ, ವಿಷದ ಲವಲೇಶವೂ ಇಲ್ಲ ಅಂತ ಜಾಹೀರಾತು. ನಿದ್ದೆಗೆ, ಆತಂಕಕ್ಕೆ, ತಲೆನೋವಿಗೆ. ಗರ್ಭಿಣಿಯರಿಗೆ ಬೆಳಗ್ಗೆ ಎದ್ದಾಗ ಬರುವ ವಾಕರಿಕೆಗೂ ಇದೇ. ಬೇರೆ ಬೇರೆ ಕಂಪನಿಗಳ ಕೈಗೆ ಹೋಗಿ, ಬೇರೆ ಬೇರೆ ಹೆಸರು ಹೊತ್ತು, ಇದು 46 ದೇಶಗಳಲ್ಲಿ ಮಾರಾಟವಾಯಿತು.

ಇಲ್ಲೊಂದು ವಿಷಯ ಗಮನಿಸಿ. ಮಾತ್ರೆ ಅಂಗಡಿಗೆ ಬರುವ ಮೊದಲೇ, 1956ರ ಕ್ರಿಸ್‌ಮಸ್ ದಿನ, ಜರ್ಮನಿಯಲ್ಲಿ ಕಿವಿಗಳೇ ಇಲ್ಲದ ಒಂದು ಹೆಣ್ಣು ಮಗು ಹುಟ್ಟಿತ್ತು. ಅದರ ಅಪ್ಪ ಗ್ರುನೆಂಥಾಲ್ ಕಂಪನಿಯ ನೌಕರ. ಗರ್ಭಿಣಿ ಹೆಂಡತಿಗೆ ಅಂತ ಸ್ಯಾಂಪಲ್ ಮಾತ್ರೆ ಮನೆಗೆ ತಂದಿದ್ದ. ಆಗ ಯಾರಿಗೂ ಇದರ ನಂಟು ಹೊಳೆಯಲಿಲ್ಲ.

ಗರ್ಭ ನಿಂತ ಮೇಲೆ ಸುಮಾರು 20ನೇ ದಿನದಿಂದ 36ನೇ ದಿನದೊಳಗೆ ಮಗುವಿನ ಕೈಕಾಲು, ಕಿವಿ, ಕಣ್ಣು ಮೂಡುತ್ತವೆ. ತಾನು ಬಸುರಿ ಅನ್ನೋದು ಎಷ್ಟೋ ಹೆಂಗಸರಿಗೆ ಖಚಿತವಾಗಿ ಗೊತ್ತೂ ಇರದ ದಿನಗಳವು. ಆ ಎರಡು ವಾರದಲ್ಲಿ ಒಂದೇ ಒಂದು ಮಾತ್ರೆ ಸಾಕು. ಭುಜಕ್ಕೇ ಅಂಟಿಕೊಂಡ ಬೆರಳುಗಳು, ತೊಡೆಯೇ ಇಲ್ಲದ ಪಾದ, ಹೃದಯದಲ್ಲಿ ರಂಧ್ರ. ಜಗತ್ತಿನಾದ್ಯಂತ ಹೀಗೆ ಹುಟ್ಟಿದ ಮಕ್ಕಳ ಸಂಖ್ಯೆ 10 ಸಾವಿರಕ್ಕೂ ಹೆಚ್ಚು ಅನ್ನೋದು ಸಾಮಾನ್ಯವಾಗಿ ಒಪ್ಪಿಕೊಂಡ ಅಂದಾಜು. ಅದರಲ್ಲಿ ಎಷ್ಟೋ ಮಕ್ಕಳು ಮೊದಲ ವರ್ಷವನ್ನೂ ದಾಟಲಿಲ್ಲ. ಹೊಟ್ಟೆಯಲ್ಲೇ ಸತ್ತವರ ಲೆಕ್ಕ ಇದರಲ್ಲಿಲ್ಲ.

ಹಾಗಾದರೆ ಯಾರೂ ಎಚ್ಚರಿಸಲಿಲ್ವಾ? ಎಚ್ಚರಿಸಿದರು. ಮಾತ್ರೆ ನುಂಗುವ ದೊಡ್ಡವರಿಗೆ ಕೈಕಾಲು ಜೋಮು ಹಿಡಿಯುತ್ತಿದೆ, ನರ ಹಾಳಾಗುತ್ತಿದೆ ಅಂತ ವೈದ್ಯರು 1959ರಿಂದಲೇ ಹೇಳತೊಡಗಿದ್ದರು. 1960ರ ಡಿಸೆಂಬರ್ 31ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಲೆಸ್ಲಿ ಫ್ಲಾರೆನ್ಸ್ ಅನ್ನೋ ವೈದ್ಯರ ಪತ್ರವೂ ಬಂತು. ಮಾರಾಟ ಮಾತ್ರ ನಿಲ್ಲಲಿಲ್ಲ.

ಆ ಪತ್ರವನ್ನು ಅಮೆರಿಕದಲ್ಲಿ ಒಬ್ಬ ಹೆಣ್ಣುಮಗಳು ಓದಿದರು. ಹೆಸರು ಫ್ರಾನ್ಸಿಸ್ ಕೆಲ್ಸಿ. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ 1960ರ ಆಗಸ್ಟ್‌ನಲ್ಲಷ್ಟೇ ಸೇರಿದ್ದರು. ಸೆಪ್ಟೆಂಬರ್‌ನಲ್ಲಿ ಅವರ ಮೇಜಿಗೆ ಬಂದ ಅರ್ಜಿಯೇ ಥಾಲಿಡೋಮೈಡ್. ರಿಚರ್ಡ್‌ಸನ್ ಮೆರೆಲ್ ಅನ್ನೋ ಕಂಪನಿ ಅಲ್ಲಿ ಮಾರಲು ಹೊರಟಿತ್ತು. ಯುರೋಪಿನಲ್ಲೆಲ್ಲ ಮಾರಾಟವಾಗ್ತಿದೆ, ಇದರಲ್ಲಿ ನೋಡೋದೇನಿದೆ, ಸಹಿ ಹಾಕಿ ಅಂತ ಒತ್ತಡ. ಈಕೆ ಹಾಕಲಿಲ್ಲ. ಪರೀಕ್ಷೆಯ ವಿವರ ಸಾಲದು ಅಂದರು. ಮತ್ತೆ ಕಳಿಸಿದರು, ಮತ್ತೆ ಸಾಲದು ಅಂದರು. ನರ ಹಾಳಾಗುವ ವಿಷಯ ಯಾಕೆ ಹೇಳಲಿಲ್ಲ ಅಂತ ಕೇಳಿದರು. ಗರ್ಭಿಣಿಯರಿಗೆ ಸುರಕ್ಷಿತ ಅನ್ನೋದಕ್ಕೆ ಪುರಾವೆ ಎಲ್ಲಿ ಅಂದರು. ಕಂಪನಿಯವರು ಮೇಲಧಿಕಾರಿಗಳ ಹತ್ತಿರ ದೂರು ಹೇಳಿದರು, ಹಠಮಾರಿ ಅಧಿಕಾರಿ ಅಂದರು. ಆದರೂ ಪ್ರಯೋಗದ ಹೆಸರಿನಲ್ಲಿ ಕಂಪನಿ ಸಾವಿರಕ್ಕೂ ಹೆಚ್ಚು ವೈದ್ಯರಿಗೆ 25 ಲಕ್ಷ ಮಾತ್ರೆ ಹಂಚಿಬಿಟ್ಟಿತ್ತು. ಅದರಿಂದ ಅಲ್ಲಿ 17 ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದರು. ಆ ಒಂದು ಸಹಿ ಬಿದ್ದಿದ್ದರೆ? ಲೆಕ್ಕ ಸಾವಿರಗಳಲ್ಲಿ ಇರುತ್ತಿತ್ತು. 1962ರ ಆಗಸ್ಟ್‌ನಲ್ಲಿ ಅಧ್ಯಕ್ಷ ಕೆನಡಿ ಕೆಲ್ಸಿಯವರ ಕೊರಳಿಗೆ ಪದಕ ಹಾಕಿದರು. ಒಬ್ಬ ಸರ್ಕಾರಿ ನೌಕರಳು ಏನೂ ಮಾಡದೆ ಕೂತಿದ್ದಕ್ಕೆ, ಅಂದರೆ ಸಹಿ ಮಾಡದೆ ಕೂತಿದ್ದಕ್ಕೆ, ದೇಶ ಕೊಟ್ಟ ಗೌರವ ಅದು.

ಯುರೋಪಿನಲ್ಲಿ ಸತ್ಯ ಹೊರಬಂದಿದ್ದು 1961ರ ನವೆಂಬರ್‌ನಲ್ಲಿ. ಹ್ಯಾಂಬರ್ಗ್‌ನ ಮಕ್ಕಳ ವೈದ್ಯ ವಿಡುಕಿಂಡ್ ಲೆನ್ಜ್ ಊರೂರು ಸುತ್ತಿ, ಇಂಥ ಮಕ್ಕಳ ತಾಯಂದಿರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ಬಸುರಿಯಾಗಿದ್ದಾಗ ಏನೇನು ತಿಂದಿರಿ ಅಂತ ಕೇಳುತ್ತಾ ಹೋದರು. ಅವರ ಜತೆಗೆ ನಿಂತವರು ಕಾರ್ಲ್ ಶುಲ್ಟೆ ಹಿಲೆನ್ ಅನ್ನೋ ವಕೀಲ. ಅವರ ಮಗನೂ ಇದೇ ಮಾತ್ರೆಗೆ ಬಲಿಯಾದವನು. ಲೆನ್ಜ್ ಕಂಪನಿಗೆ ಫೋನ್ ಮಾಡಿ ಮಾರಾಟ ನಿಲ್ಲಿಸಿ ಅಂದರು. ಕಂಪನಿ ಹತ್ತು ದಿನ ಮೀನಮೇಷ ಎಣಿಸಿತು. ನವೆಂಬರ್ 26ರಂದು ಜರ್ಮನ್ ಪತ್ರಿಕೆಯೊಂದು ವಿಷಯವನ್ನು ಬಯಲು ಮಾಡಿತು ನೋಡಿ, ಮಾತ್ರೆ ಅಂಗಡಿಯಿಂದ ಮಾಯ! ಆತ್ಮಸಾಕ್ಷಿ ಮಾಡದ ಕೆಲಸವನ್ನು ಹೆಡ್‌ಲೈನ್ ಮಾಡಿತು. ಆಸ್ಟ್ರೇಲಿಯಾದ ವೈದ್ಯ ವಿಲಿಯಂ ಮೆಕ್‌ಬ್ರೈಡ್ ತಮ್ಮಷ್ಟಕ್ಕೆ ಇದೇ ಸಂಶಯ ವ್ಯಕ್ತಪಡಿಸಿ ಬರೆದ ಪತ್ರ ಅದೇ ಡಿಸೆಂಬರ್‌ನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು.

ಸರಿ, ತಪ್ಪು ಗೊತ್ತಾಯಿತು. ಇನ್ನು ಪರಿಹಾರ ಸಿಕ್ಕಿರಬೇಕು ಅಂತ ತಾನೇ ನೀವು ಅಂದುಕೊಂಡಿರೋದು? ಅಸಲಿ ಕಥೆ ಶುರುವಾಗೋದೇ ಇಲ್ಲಿಂದ.

ಬ್ರಿಟನ್ನಿನಲ್ಲಿ ಈ ಮಾತ್ರೆಯನ್ನು 1958ರಿಂದ ಡಿಸ್ಟಾವಲ್ ಅನ್ನೋ ಹೆಸರಿನಲ್ಲಿ ಮಾರಿದ್ದು ಡಿಸ್ಟಿಲ್ಲರ್ಸ್ ಅನ್ನೋ ಕಂಪನಿ. ಹೆಸರೇ ಹೇಳುತ್ತೆ, ಅದು ಹೆಂಡದ ಕಂಪನಿ. ಜಾನಿ ವಾಕರ್ ವಿಸ್ಕಿ ಅವರದ್ದೇ, ಗಾರ್ಡನ್ಸ್ ಜಿನ್ ಅವರದ್ದೇ. ಔಷಧಿ ಅವರ ಪಕ್ಕದ ವ್ಯಾಪಾರ. ಕೈಕಾಲಿಲ್ಲದ ಮಗುವನ್ನು ಎತ್ತಿಕೊಂಡು ಸಾಮಾನ್ಯ ಕೂಲಿಕಾರರು, ಗುಮಾಸ್ತರು, ಮೇಷ್ಟ್ರುಗಳು ಈ ದೈತ್ಯನ ಎದುರು ನಿಲ್ಲಬೇಕಿತ್ತು.

ಕಾನೂನು ಏನಿತ್ತು? ತಮಾಷೆ ಅನ್ನಿಸಬಹುದು, ಆ ಕಾನೂನಿನ ಮೂಲ ಒಂದು ಬಸವನಹುಳು. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಊರಿನ ಕೆಫೆಯೊಂದರಲ್ಲಿ ಮೇ ಡೊನೊಹ್ಯೂ ಅನ್ನೋ ಬಡ ಹೆಂಗಸಿಗೆ ಗೆಳತಿ ಜಿಂಜರ್ ಬಿಯರ್ ಕೊಡಿಸಿದಳು. ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತು, ಕುಡಿದು ಕಾಯಿಲೆ ಬಿದ್ದೆ ಅಂತ ಆಕೆ ಕೇಸ್ ಹಾಕಿದಳು. ದುಡ್ಡು ಕೊಟ್ಟವಳು ನೀನಲ್ಲ, ನಮಗೂ ನಿನಗೂ ಏನು ಸಂಬಂಧ ಅಂದರು ಪಾನೀಯ ತಯಾರಿಸಿದವರು. 1932ರಲ್ಲಿ ಹೌಸ್ ಆಫ್ ಲಾರ್ಡ್ಸ್ ಮೂರಕ್ಕೆ ಎರಡರ ಬಹುಮತದಲ್ಲಿ ಹೇಳಿತು: ಕೊಂಡವರು ಯಾರೇ ಇರಲಿ, ವಸ್ತುವನ್ನು ಬಳಸುವವರ ಬಗ್ಗೆ ತಯಾರಕ ಎಚ್ಚರ ವಹಿಸಲೇಬೇಕು. ಇವತ್ತಿಗೂ ನಮ್ಮ ದೇಶದ ಕಾನೂನು ಕಾಲೇಜುಗಳಲ್ಲಿ ಈ ಕೇಸನ್ನು ಓದದೆ ಯಾರೂ ಪಾಸಾಗಲ್ಲ.

ಆದರೆ ಇದರಲ್ಲೊಂದು ಕೊಕ್ಕೆ ಇತ್ತು. ಕಂಪನಿ ನಿರ್ಲಕ್ಷ್ಯ ಮಾಡಿದೆ ಅಂತ ನೊಂದವರೇ ಸಾಬೀತು ಮಾಡಬೇಕು. ಕಡತಗಳಿರೋದು ಕಂಪನಿಯ ಬೀರುವಿನಲ್ಲಿ, ಸಾಬೀತು ಮಾಡಬೇಕಾದವರು ಹೊರಗೆ! ಡಿಸ್ಟಿಲ್ಲರ್ಸ್ ವಾದ ಸರಳ. ಆ ಕಾಲದಲ್ಲಿ ರೂಢಿಯಲ್ಲಿದ್ದ ಪರೀಕ್ಷೆಗಳನ್ನೆಲ್ಲ ಮಾಡಿದ್ದೇವೆ, ಹೊಟ್ಟೆಯಲ್ಲಿರುವ ಮಗುವಿಗೆ ಹೀಗಾಗುತ್ತೆ ಅಂತ ಯಾರಿಗೆ ಗೊತ್ತಿತ್ತು ಅನ್ನೋದು. ಎರಡನೇ ಕೊಕ್ಕೆ ಇನ್ನೂ ವಿಚಿತ್ರ. ಏಟು ಬಿದ್ದಾಗ ಮಗು ಹುಟ್ಟಿಯೇ ಇರಲಿಲ್ಲ. ಹುಟ್ಟದ ಮಗುವಿಗೆ ಹಕ್ಕು ಇದೆಯಾ? ಇಂಗ್ಲಿಷ್ ಕಾನೂನಿನಲ್ಲಿ ಇದಕ್ಕೆ ಆಗ ಸ್ಪಷ್ಟ ಉತ್ತರವೇ ಇರಲಿಲ್ಲ. ಮೂರನೇ ಕೊಕ್ಕೆ ಕಾಲಮಿತಿ. ಮೂರು ವರ್ಷದೊಳಗೆ ದಾವೆ ಹೂಡಬೇಕಿತ್ತು. ಮಗುವನ್ನು ಬದುಕಿಸಿಕೊಳ್ಳೋದರಲ್ಲೇ ಹೈರಾಣಾದ ತಾಯಂದಿರಿಗೆ ವಕೀಲರ ಮನೆ ಬಾಗಿಲು ಹುಡುಕುವಷ್ಟರಲ್ಲಿ ಆ ಮೂರು ವರ್ಷ ಕಳೆದುಹೋಗಿತ್ತು.

1968ರಲ್ಲಿ ಮೊದಲ ರಾಜಿ ಆಯಿತು. 62 ಮಕ್ಕಳ ಕುಟುಂಬಗಳು ಒಪ್ಪಿಕೊಂಡವು. ಪೂರ್ತಿ ಗೆದ್ದರೆ ಎಷ್ಟು ಸಿಗುತ್ತಿತ್ತೋ ಅದರ ಶೇಕಡ 40ರಷ್ಟು ಮಾತ್ರ ಕೊಡ್ತೀವಿ, ಬದಲಿಗೆ ನಿರ್ಲಕ್ಷ್ಯದ ಆರೋಪವನ್ನು ವಾಪಸ್ ತಗೋಬೇಕು. ಇದು ಷರತ್ತು. ಅಂದರೆ ದುಡ್ಡೂ ಅರ್ಧಕ್ಕಿಂತ ಕಮ್ಮಿ, ತಪ್ಪು ನಮ್ಮದಲ್ಲ ಅಂತ ಬರೆದೂ ಕೊಡಬೇಕು!

ಉಳಿದ ಮಕ್ಕಳ ಕಥೆ? 1971ರ ಹೊತ್ತಿಗೆ ಇನ್ನೂ 389 ಕ್ಲೇಮುಗಳು ಬಾಕಿ ಇದ್ದವು. ಎಲ್ಲರಿಗೂ ಸೇರಿಸಿ ಒಂದು ಟ್ರಸ್ಟ್ ಮಾಡಿ 32.5 ಲಕ್ಷ ಪೌಂಡ್ ಹಾಕ್ತೀವಿ ಅಂದಿತು ಕಂಪನಿ. ಅದೂ ಹತ್ತು ವರ್ಷಗಳಲ್ಲಿ. ನೀವೇ ಭಾಗಿಸಿ ನೋಡಿ. ಒಂದು ಮಗುವಿಗೆ ವರ್ಷಕ್ಕೆ 850 ಪೌಂಡೂ ಬರಲ್ಲ. ಕೃತಕ ಕೈಕಾಲು, ಗಾಲಿಕುರ್ಚಿ, ಮನೆಯಲ್ಲಿ ಒಬ್ಬರು ಸದಾ ಜತೆಗಿರಬೇಕು, ಅದೂ ಜೀವನಪೂರ್ತಿ. ಇದಕ್ಕೆಲ್ಲ 850 ಪೌಂಡ್. ಜತೆಗೆ ಇನ್ನೊಂದು ಷರತ್ತು. ಒಬ್ಬರೂ ಬಿಡದ ಹಾಗೆ ಎಲ್ಲ ತಂದೆ ತಾಯಿ ಸಹಿ ಹಾಕಬೇಕು. ಒಬ್ಬರು ಹಾಕದಿದ್ದರೂ ಯಾರಿಗೂ ಇಲ್ಲ.

ಎಂಥ ಚಾಣಾಕ್ಷತನ ನೋಡಿ. ಈಗ ಜಗಳ ಕಂಪನಿಗೂ ಜನಕ್ಕೂ ಅಲ್ಲ. ನೊಂದವರಿಗೂ ನೊಂದವರಿಗೂ.

ಇಲ್ಲಿ ಬರುತ್ತಾರೆ ನಮ್ಮ ಕಥಾನಾಯಕ ಡೇವಿಡ್ ಮೇಸನ್. ಕಲಾಕೃತಿಗಳ ವ್ಯಾಪಾರಿ. ಮಗಳಿಗೆ ಕೈಯೂ ಇಲ್ಲ, ಕಾಲೂ ಇಲ್ಲ. ಆತ ಸಹಿ ಹಾಕಲ್ಲ ಅಂದರು. ಅವರ ಜತೆ ಇನ್ನು ನಾಲ್ಕು ಕುಟುಂಬ. ಒಟ್ಟು ಐದು. ಉಳಿದವರಿಗೆ ಸಿಟ್ಟು ಬಂತು, ಬರದೇ ಇರುತ್ತಾ? ನಿನ್ನ ಹತ್ತಿರ ದುಡ್ಡಿದೆ, ಕಾಯಬಹುದು. ನಮ್ಮ ಮಗುವಿಗೆ ಈಗಲೇ ಬೇಕು ಅನ್ನೋದು ಅವರ ಸಂಕಟ. ಅದರಲ್ಲಿ ತಪ್ಪೇನೂ ಇಲ್ಲ. ಹಸಿದವನಿಗೆ ತತ್ವ ಹೇಳೋಕಾಗಲ್ಲ. ವಿಷಯ ಕೋರ್ಟಿಗೆ ಹೋಯಿತು. ಮಗುವಿನ ಹಿತ ಕಾಯುವ ಯೋಗ್ಯತೆ ಈ ಅಪ್ಪನಿಗಿಲ್ಲ, ಮಗಳ ಪರವಾಗಿ ಕೇಸ್ ನಡೆಸುವ ಅಧಿಕಾರವನ್ನು ಸರ್ಕಾರಿ ಅಧಿಕಾರಿಗೆ ಕೊಡಿ ಅಂತ ಅರ್ಜಿ. ಕೆಳಗಿನ ಕೋರ್ಟು ಒಪ್ಪಿಬಿಟ್ಟಿತು! ಸ್ವಂತ ಮಗಳ ಪರ ಮಾತಾಡುವ ಹಕ್ಕನ್ನು ಒಬ್ಬ ಅಪ್ಪನಿಂದ ಕಿತ್ತುಕೊಂಡರು. ಯಾಕೆ? ಕಮ್ಮಿ ದುಡ್ಡಿಗೆ ಒಪ್ಪಲಿಲ್ಲ ಅಂತ. 1972ರಲ್ಲಿ ಮೇಲ್ಮನವಿ ನ್ಯಾಯಾಲಯದ ಲಾರ್ಡ್ ಡೆನಿಂಗ್ ಅವರ ಪೀಠ ಆ ಆದೇಶವನ್ನು ತೆಗೆದುಹಾಕಿತು. ಮಗಳ ಹಿತ ಏನು ಅಂತ ಯೋಚಿಸುವ ಹಕ್ಕು ಅಪ್ಪನಿಗೆ ವಾಪಸ್ ಬಂತು. ಎಲ್ಲರೂ ಸಹಿ ಹಾಕಲೇಬೇಕು ಅನ್ನೋ ಕಂಪನಿಯ ಲೆಕ್ಕಾಚಾರ ಅಲ್ಲಿಗೆ ಮುರಿದುಬಿತ್ತು.

ಇಷ್ಟು ವರ್ಷ ಪತ್ರಿಕೆಗಳು ಏನು ಮಾಡುತ್ತಿದ್ದವು ಅಂತ ಕೇಳ್ತೀರಾ? ಬಾಯಿಗೆ ಬೀಗ. ಕೋರ್ಟಿನಲ್ಲಿರುವ ವಿಷಯ ಬರೆದರೆ ನ್ಯಾಯಾಂಗ ನಿಂದನೆ. ದಾವೆ ಬಾಕಿ ಇದ್ದಷ್ಟು ದಿನ ಸುದ್ದಿ ಇಲ್ಲ. ಕಂಪನಿಗೆ ಇದಕ್ಕಿಂತ ಒಳ್ಳೆ ಕಾಲ ಬೇಕಾ? ಎಳೆದಷ್ಟೂ ಲಾಭ.

ಸಂಡೇ ಟೈಮ್ಸ್ ಪತ್ರಿಕೆಯ ಸಂಪಾದಕ ಹೆರಾಲ್ಡ್ ಇವಾನ್ಸ್ ಒಂದು ಉಪಾಯ ಹುಡುಕಿದರು. ಕಂಪನಿ ಕಾನೂನಿನ ಪ್ರಕಾರ ತಪ್ಪು ಮಾಡಿದೆಯಾ ಅನ್ನೋದನ್ನು ಬರೆಯುವ ಹಾಗಿಲ್ಲ, ಸರಿ. ಆದರೆ ನೈತಿಕವಾಗಿ ಇದು ಸರಿಯಾ ಅಂತ ಕೇಳಬಹುದಲ್ಲ? 1972ರ ಸೆಪ್ಟೆಂಬರ್ 24ರಂದು ಪತ್ರಿಕೆ ಅಭಿಯಾನ ಶುರು ಮಾಡಿತು. ಈ ಮಕ್ಕಳ ಸ್ಥಿತಿ ಇಡೀ ದೇಶಕ್ಕೇ ನಾಚಿಕೆ ಅಂತ ಬರೆಯಿತು. ಜನರ ಮುಂದೆ ಬರೀ ಅಂಕಿಗಳನ್ನು ಇಟ್ಟಿತು. ಕಂಪನಿ ಕೊಡ್ತೀನಿ ಅಂದಿದ್ದು ಹತ್ತು ವರ್ಷಕ್ಕೆ 32.5 ಲಕ್ಷ ಪೌಂಡ್. ಕಂಪನಿಯ ಹಿಂದಿನ ಒಂದೇ ವರ್ಷದ ತೆರಿಗೆಪೂರ್ವ ಲಾಭ 6 ಕೋಟಿ 48 ಲಕ್ಷ ಪೌಂಡ್. ಆಸ್ತಿ 42 ಕೋಟಿ 10 ಲಕ್ಷ ಪೌಂಡ್. ಇನ್ನೇನು ಹೇಳಬೇಕು?

ಔಷಧಿಯ ಪರೀಕ್ಷೆ ಹೇಗೆ ನಡೆದಿತ್ತು ಅನ್ನೋ ಮುಂದಿನ ಲೇಖನಕ್ಕೆ ಸರ್ಕಾರದ ಅಟಾರ್ನಿ ಜನರಲ್ ಕೋರ್ಟಿನಿಂದ ತಡೆ ತಂದರು. ಲೇಖನ ನಿಂತಿತು, ಅಭಿಯಾನ ನಿಲ್ಲಲಿಲ್ಲ. ಸಂಸತ್ತಿನಲ್ಲಿ ಜಾಕ್ ಆಶ್ಲೆ ಎದ್ದು ನಿಂತರು. ಲೇಬರ್ ಪಕ್ಷದ ಸಂಸದ. ಅವರಿಗೆ ಎರಡೂ ಕಿವಿ ಕೇಳಿಸುತ್ತಿರಲಿಲ್ಲ. ಪೂರ್ತಿ ಕಿವುಡರಾಗಿದ್ದ ಆ ಮನುಷ್ಯ ನವೆಂಬರ್ 29ರಂದು ಆ ಮಕ್ಕಳ ಪರವಾಗಿ ಮಾತಾಡಿ ಇಡೀ ಸದನದ ಕಿವಿ ತೆರೆಸಿದರು.

ಕಂಪನಿ ಬಗ್ಗಿತಾ? ಕೋರ್ಟಿಗೆ ಬಗ್ಗಲಿಲ್ಲ, ಸಂಸತ್ತಿಗೂ ಬಗ್ಗಲಿಲ್ಲ. ಕೊನೆಗೆ ಬಗ್ಗಿದ್ದು ಯಾರಿಗೆ ಗೊತ್ತಾ? ತನ್ನದೇ ಷೇರುದಾರರಿಗೆ. ಡಿಸ್ಟಿಲ್ಲರ್ಸ್‌ನಲ್ಲಿ ಹಣ ಹೂಡಿದ್ದ ಲೀಗಲ್ ಅಂಡ್ ಜನರಲ್ ಅನ್ನೋ ದೊಡ್ಡ ವಿಮಾ ಸಂಸ್ಥೆ, ಇದು ಹೀಗೇ ಮುಂದುವರಿಯೋದು ಸರಿಯಲ್ಲ ಅಂತ ದನಿ ಎತ್ತಿತು. ಸಣ್ಣಪುಟ್ಟ ಷೇರುದಾರರು ಗುಂಪು ಕಟ್ಟಿದರು. ಅಂಗಡಿಗಳು ಇವರ ಬಾಟಲಿಗಳನ್ನು ಇಡಲ್ಲ ಅನ್ನತೊಡಗಿದವು. ಷೇರಿನ ಬೆಲೆ ಕುಸಿಯಿತು. 1973ರ ಜನವರಿ ಬರುವಷ್ಟರಲ್ಲಿ ಕಂಪನಿಯ ದನಿಯೇ ಬದಲಾಗಿತ್ತು. 32.5 ಲಕ್ಷ ಇದ್ದದ್ದು 2 ಕೋಟಿ ಪೌಂಡ್ ಆಯಿತು. ಆರು ಪಟ್ಟು! ಜುಲೈನಲ್ಲಿ ಕೋರ್ಟ್ ಒಪ್ಪಿತು, ಆಗಸ್ಟ್‌ನಲ್ಲಿ ಥಾಲಿಡೋಮೈಡ್ ಟ್ರಸ್ಟ್ ಹುಟ್ಟಿತು.

ಮೊದಲೇ ಎಲ್ಲರೂ ಸಹಿ ಹಾಕಿದ್ದರೆ? ಐದು ಕುಟುಂಬ ಇಲ್ಲ ಅನ್ನದೇ ಹೋಗಿದ್ದರೆ? ಹಠಮಾರಿ ಅಂತ ಬೈಸಿಕೊಂಡ ಆ ಅಪ್ಪನಿಂದಾಗಿ, ಅವರನ್ನು ಬೈದವರ ಮಕ್ಕಳಿಗೂ ಆರು ಪಟ್ಟು ಸಿಕ್ಕಿತು.

ಪತ್ರಿಕೆಯ ಹೋರಾಟ ಇನ್ನೂ ಮುಂದುವರಿಯಿತು. 1973ರ ಜುಲೈನಲ್ಲಿ ಹೌಸ್ ಆಫ್ ಲಾರ್ಡ್ಸ್ ತಡೆಯಾಜ್ಞೆಯನ್ನು ಎತ್ತಿಹಿಡಿಯಿತು. ಕೊನೆಗೆ 1976ರಲ್ಲಿ ತಡೆ ತೆರವಾದ ಮೇಲೆಯೇ ಆ ಲೇಖನ ಅಚ್ಚಾಗಿದ್ದು. 1979ರ ಏಪ್ರಿಲ್ 26ರಂದು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ, ಆ ತಡೆಯಾಜ್ಞೆಯೇ ತಪ್ಪು, ಅಭಿವ್ಯಕ್ತಿ ಸ್ವಾತಂತ್ರ್ಯದ ಉಲ್ಲಂಘನೆ ಅಂತ ತೀರ್ಪು ಕೊಟ್ಟಿತು. 11 ನ್ಯಾಯಾಧೀಶರು ಪರ, 9 ಜನ ವಿರೋಧ. ಬ್ರಿಟನ್ ತನ್ನ ನ್ಯಾಯಾಂಗ ನಿಂದನೆ ಕಾನೂನನ್ನೇ 1981ರಲ್ಲಿ ಬದಲಿಸಬೇಕಾಯಿತು. ಹುಟ್ಟದ ಮಗುವಿಗೂ ಹಕ್ಕಿದೆ ಅಂತ 1976ರಲ್ಲೇ ಕಾಯ್ದೆ ಬಂದಿತ್ತು.

ತಾಯಿನಾಡು ಜರ್ಮನಿಯಲ್ಲಿ ಏನಾಯಿತು? 1968ರ ಮೇ ತಿಂಗಳಲ್ಲಿ ಕಂಪನಿಯ ಅಧಿಕಾರಿಗಳ ಮೇಲೆ ಕ್ರಿಮಿನಲ್ ವಿಚಾರಣೆ ಶುರುವಾಯಿತು. ಎರಡೂವರೆ ವರ್ಷ ನಡೆಯಿತು. 1970ರ ಡಿಸೆಂಬರ್‌ನಲ್ಲಿ ತೀರ್ಪೇ ಇಲ್ಲದೆ ಮುಗಿಯಿತು! ಕಂಪನಿ 10 ಕೋಟಿ ಮಾರ್ಕ್ ಕೊಡಲು ಒಪ್ಪಿತು, ಸರ್ಕಾರವೂ ಹಣ ಸೇರಿಸಿ ಪ್ರತಿಷ್ಠಾನ ಮಾಡಿತು. ಆದರೆ ಅದನ್ನು ಸ್ಥಾಪಿಸಿದ ಕಾನೂನಿನಲ್ಲೇ, ಇನ್ನು ಮುಂದೆ ಕಂಪನಿಯ ಮೇಲೆ ಯಾರೂ ಪರಿಹಾರ ಕೇಳುವಂತಿಲ್ಲ ಅಂತ ಬಾಗಿಲು ಹಾಕಿದರು. ಮಕ್ಕಳು ದೊಡ್ಡವರಾದರು, ಕಂಪನಿ ಕೊಟ್ಟ ದುಡ್ಡು ಖಾಲಿಯಾಯಿತು, ಆಮೇಲೆ ಪಿಂಚಣಿ ಕೊಟ್ಟಿದ್ದು ಜರ್ಮನ್ ತೆರಿಗೆದಾರ. ಸ್ಪೇನ್‌ನಲ್ಲಿ 2013ರಲ್ಲಿ ಮ್ಯಾಡ್ರಿಡ್ ಕೋರ್ಟ್ ಸಂತ್ರಸ್ತರ ಪರ ತೀರ್ಪು ಕೊಟ್ಟಿತು, ಮರುವರ್ಷವೇ ಮೇಲಿನ ಕೋರ್ಟ್ ಕಾಲಮಿತಿ ಮೀರಿದೆ ಅಂತ ಅದನ್ನು ಅಳಿಸಿಹಾಕಿತು. ಇಲ್ಲದ ಕೈ ಇಲ್ಲದೇ ಇರೋದಕ್ಕೆ ಕಾಲಮಿತಿ ಇಲ್ಲ, ಕೇಳೋದಕ್ಕೆ ಮಾತ್ರ ಇದೆ!

ಗ್ರುನೆಂಥಾಲ್ ಕ್ಷಮೆ ಕೇಳಿದ್ದು ಯಾವಾಗ ಗೊತ್ತಾ? 2012ರ ಆಗಸ್ಟ್ 31. ಮಾತ್ರೆ ವಾಪಸ್ ಪಡೆದು 50 ವರ್ಷ ದಾಟಿದ ಮೇಲೆ. ಸ್ಟೋಲ್‌ಬರ್ಗ್‌ನಲ್ಲಿ ಕೈಯಿಲ್ಲದ ಮಗುವಿನ ಒಂದು ಕಂಚಿನ ಪ್ರತಿಮೆಯನ್ನು ಅನಾವರಣ ಮಾಡುತ್ತಾ ಕಂಪನಿಯ ಮುಖ್ಯಸ್ಥರು, ಇಷ್ಟು ದಿನದ ನಮ್ಮ ಮೌನವನ್ನು ನಮಗಾದ ಆಘಾತ ಅಂತ ತಿಳಿಯಿರಿ ಅಂದರು. ಐವತ್ತು ವರ್ಷದ ಆಘಾತ! ಪ್ರತಿಮೆ ಬೇಡ, ಬದುಕೋಕೆ ದುಡ್ಡು ಕೊಡಿ ಅಂದರು ನೊಂದವರು.

ಈಗ ಬೆಂಗಳೂರಿಗೆ ಬರೋಣ. ಬೆಂಗಳೂರಿಗೂ ಇದಕ್ಕೂ ಏನು ಸಂಬಂಧ ಅಂದಿರಾ? ಡಿಸ್ಟಿಲ್ಲರ್ಸ್ ಕಂಪನಿಯನ್ನು 1986ರಲ್ಲಿ ಗಿನ್ನೆಸ್ ಕೊಂಡಿತು. ಗಿನ್ನೆಸ್ ಮುಂದೆ 1997ರಲ್ಲಿ ಡಿಯಾಜಿಯೋ ಆಯಿತು. ಅದೇ ಡಿಯಾಜಿಯೋ ನಮ್ಮ ವಿಜಯ್ ಮಲ್ಯ ಕಟ್ಟಿ ಬೆಳೆಸಿದ ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್ ಕಂಪನಿಯನ್ನು 2013-14ರಲ್ಲಿ ಕೈವಶ ಮಾಡಿಕೊಂಡಿತು. ಆರ್‌ಸಿಬಿಗೆ ಹೆಸರು ಕೊಟ್ಟ ರಾಯಲ್ ಚಾಲೆಂಜ್ ವಿಸ್ಕಿಯ ಒಡೆಯರೇ ಅವರು. ಥಾಲಿಡೋಮೈಡ್ ಮಾರಿದ್ದು ಡಿಯಾಜಿಯೋ ಅಲ್ಲ. ಆದರೆ ಕಂಪನಿ ಕೊಂಡರೆ ಅದರ ಲಾಭದ ಜತೆ ಪಾಪವನ್ನೂ ಕೊಂಡ ಹಾಗೆ. ಟ್ರಸ್ಟ್‌ಗೆ 2037ರವರೆಗೂ ಹಣ ಕೊಡುತ್ತೇವೆ ಅಂತ ಅದು ಒಪ್ಪಿಕೊಂಡಿದೆ. 2012ರಲ್ಲಿ ಆಸ್ಟ್ರೇಲಿಯಾದಲ್ಲಿ ಕೈಕಾಲಿಲ್ಲದ ಮಹಿಳೆಯೊಬ್ಬರು ಹೂಡಿದ್ದ ದಾವೆಯಲ್ಲಿ ಅದು ರಾಜಿ ಮಾಡಿಕೊಂಡು ಪರಿಹಾರ ಕೊಟ್ಟಿತು. ಮರುವರ್ಷ ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಉಳಿದ ಸಂತ್ರಸ್ತರಿಗೂ ಕೊಟ್ಟಿತು. ಹಠ ಬಿಡದಿದ್ದರೆ ಐವತ್ತು ವರ್ಷ ಕಳೆದರೂ ಬಾಗಿಲು ತೆರೆಯುತ್ತೆ ಅನ್ನೋದಕ್ಕೆ ಇದು ಸಾಕ್ಷಿ.

ನಮ್ಮ ದೇಶದ ಲೆಕ್ಕ ನೋಡಿ. ಜಾನ್ಸನ್ ಅಂಡ್ ಜಾನ್ಸನ್‌ಗೆ ಸೇರಿದ ಡಿಪ್ಯೂ ಕಂಪನಿಯ ಎಎಸ್‌ಆರ್ ಅನ್ನೋ ಕೃತಕ ಸೊಂಟದ ಕೀಲು. ಲೋಹ ಲೋಹಕ್ಕೆ ಉಜ್ಜಿ, ಲೋಹದ ಅಂಶ ರಕ್ತಕ್ಕೆ ಸೇರುತ್ತಿತ್ತು. 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ವಾಪಸ್ ಪಡೆದರು. ಅಮೆರಿಕದಲ್ಲಿ 2013ರಲ್ಲಿ ಸುಮಾರು 8,000 ರೋಗಿಗಳಿಗಾಗಿ ಸುಮಾರು 250 ಕೋಟಿ ಡಾಲರ್‌ಗೆ ರಾಜಿಯಾಯಿತು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಇದೇ ಕೀಲು ಹಾಕಿದ್ದರು. ನಮ್ಮ ಕೇಂದ್ರ ಸರ್ಕಾರ ಪರಿಹಾರದ ಸೂತ್ರ ಮಾಡಿದ್ದು 2018ರಲ್ಲಿ. 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗೆ. ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು. 2019ರಲ್ಲಿ 67 ಜನರಿಗೆ ತಲಾ 25 ಲಕ್ಷ ಕೊಡಲು ಅಲ್ಲಿ ಒಪ್ಪಿತು. ಅದೇ ಕೀಲು, ಅದೇ ನೋವು. ಅಲ್ಲೊಂದು ಬೆಲೆ, ಇಲ್ಲೊಂದು ಬೆಲೆ.

ಇನ್ನು ನಮ್ಮ ರಾಜ್ಯ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅನುಮಾನ ಹೋಗಿದ್ದು ಡ್ರಿಪ್ ಬಾಟಲಿಯ ಮೇಲೆ. ತಾಯಿಯ ಮುಖವನ್ನೇ ನೋಡದೆ ಬೆಳೆಯುವ ಆ ಕೂಸುಗಳ ಪಾಲಿಗೆ ಪರಿಹಾರ ಅಂದರೆ ಏನು? 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಸತ್ತರು. ಸಿರಪ್‌ನಲ್ಲಿ ಸಿಕ್ಕಿದ್ದು ಡೈಎಥಿಲೀನ್ ಗ್ಲೈಕಾಲ್. 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದದ್ದೂ ಇದೇ ವಿಷ. ಆಗ ಅದರ ಪರೀಕ್ಷೆಯಲ್ಲಿ ದುಡಿದ ವಿದ್ಯಾರ್ಥಿಗಳಲ್ಲಿ ಒಬ್ಬಳು ಮುಂದೆ ಥಾಲಿಡೋಮೈಡ್‌ಗೆ ಸಹಿ ಹಾಕದ ಫ್ರಾನ್ಸಿಸ್ ಕೆಲ್ಸಿ. ಆಕೆ ಕಲಿತ ಪಾಠವನ್ನು 88 ವರ್ಷ ಕಳೆದರೂ ನಾವು ಕಲಿತಿಲ್ಲ.

ಕಾನೂನು ಇಲ್ಲ ಅಂತಲ್ಲ. 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು. 2019ರ ಹೊಸ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆ ಅಂತ ಒಂದು ಅಧ್ಯಾಯವೇ ಇದೆ, 2020ರ ಜುಲೈಯಿಂದ ಜಾರಿಯಲ್ಲಿದೆ. ತಯಾರಿಕೆಯಲ್ಲಿ ದೋಷ, ವಿನ್ಯಾಸದಲ್ಲಿ ದೋಷ, ಬಳಸುವ ಬಗ್ಗೆ ಸರಿಯಾದ ಎಚ್ಚರಿಕೆ ಬರೆದಿಲ್ಲ, ಇವುಗಳಲ್ಲಿ ಯಾವುದರಿಂದ ಹಾನಿಯಾದರೂ ತಯಾರಕ ಹೊಣೆ. ಕುಕ್ಕರ್ ಸಿಡಿದರೂ ಅಷ್ಟೇ, ಮೊಬೈಲ್ ಬ್ಯಾಟರಿ ಹೊತ್ತಿಕೊಂಡರೂ ಅಷ್ಟೇ. ಆದರೆ ಇಲ್ಲೂ ಕಾಲಮಿತಿ ಇದೆ. ಎರಡು ವರ್ಷ. ತಡಕ್ಕೆ ಸರಿಯಾದ ಕಾರಣ ಕೊಟ್ಟರೆ ಆಯೋಗ ಮನ್ನಿಸಬಹುದು, ಆದರೆ ಅದನ್ನೇ ನಂಬಿ ಕೂರಬೇಡಿ. ಬಿಲ್ ಎಸೆಯಬೇಡಿ. ಔಷಧಿಯ ಖಾಲಿ ಪಟ್ಟಿ, ಬ್ಯಾಚ್ ನಂಬರ್, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಎತ್ತಿಡಿ. ಒಡೆದ ವಸ್ತುವನ್ನು ಗುಜರಿಗೆ ಹಾಕುವ ಮೊದಲು ಫೋಟೋ ತೆಗೆಯಿರಿ. 1915 ಅನ್ನೋದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಜಿಲ್ಲೆ ಜಿಲ್ಲೆಯಲ್ಲೂ ಗ್ರಾಹಕ ಆಯೋಗ ಇದೆ.

ಕಂಪನಿಯವರು ರಾಜಿಗೆ ಬರ್ತಾರೆ. ನಯವಾಗಿ ಮಾತಾಡ್ತಾರೆ, ಒಂದು ಕಾಗದ ಮುಂದಿಡ್ತಾರೆ, ಇಷ್ಟು ತಗೊಂಡು ಸಹಿ ಹಾಕಿ ಅಂತಾರೆ. ಹಾಕಬೇಕಾ ಬೇಡವಾ ಅನ್ನೋದು ನಿಮ್ಮ ಮನೆಯ ಪರಿಸ್ಥಿತಿ, ನಿಮ್ಮ ನಿರ್ಧಾರ. ಅದನ್ನು ಸ್ಟುಡಿಯೋದಲ್ಲಿ ಕೂತು ನಾನು ಹೇಳೋಕಾಗಲ್ಲ. ಆದರೆ ಆ ಕಾಗದ ಓದುವಾಗ ಒಂದು ಮಾತು ನೆನಪಿರಲಿ. ಪರಿಹಾರ ಅನ್ನೋದು ಭಿಕ್ಷೆ ಅಲ್ಲ. ಕಂಪನಿ ನಿಮಗೆ ಕೊಡಬೇಕಾದ ಸಾಲ. ಸಾಲ ಕೊಡಬೇಕಾದವನು ಚೌಕಾಸಿ ಮಾಡಿದರೆ, ವಸೂಲಿ ಮಾಡುವವನು ತಲೆ ತಗ್ಗಿಸಬೇಕಾಗಿಲ್ಲ.